ಮೀನಿನ ಕಿವಿಗಲ್ಲು: ಆಕಾರ, ಅಳತೆ, ಮೀನಿನ ಗಾತ್ರ (ಪದೇ ಪದೇ ಕೇಳುವ ಪ್ರಶ್ನೆಗಳು)

ನಾನು ಕೊಪ್ಪಳ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತೇನೆ. ನನ್ನ ಮೇಜಿನ ಖಾನೆಯಲ್ಲಿ ಬೆಂಕಿಪೊಟ್ಟಣಗಳ ಸಾಲೊಂದಿದೆ. ಒಂದೊಂದರಲ್ಲೂ ಒಂದೊಂದು ಮೀನಿನ ತಲೆಯಿಂದ ತೆಗೆದ ಪುಟ್ಟ ಕಲ್ಲುಗಳಿವೆ, ಜೊತೆಗೆ ಒಂದು ಚೀಟಿ. ಖಾನೆ ತೆರೆದಾಗ ಎದುರಿಗಿದ್ದವರು ಏನಾದರೊಂದು ಕೇಳದೆ ಹೋಗುವುದಿಲ್ಲ. ಯೋಜನಾ ವರದಿ ಬರೆಯುವ ವಿದ್ಯಾರ್ಥಿಗಳ ಪ್ರಶ್ನೆ ಒಂದು ಬಗೆಯದು, ಮುನಿರಾಬಾದ್ ಕಡೆಯ ಮೀನುಗಾರರದು ಇನ್ನೊಂದು ಬಗೆಯದು. ಮನೆಯವರದು ಒಂದೇ ಪ್ರಶ್ನೆ: "ಈ ತಲೆಗಳನ್ನು ಅಡುಗೆಮನೆಯಿಂದ ಯಾವಾಗ ಎತ್ತುತ್ತೀರಿ?" ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಉಳಿದವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಎಲ್ಲವನ್ನೂ ಓದಲೇಬೇಕೆಂದಿಲ್ಲ. ಆದರೆ ಕಾಟ್ಲಾ, ರೋಹು ತಲೆ ಮುಂದಿಟ್ಟುಕೊಂಡು ಕುಳಿತವರು ನಾಲ್ಕನೆಯ ಪ್ರಶ್ನೆಯನ್ನು ಓದದೆ ಚಾಕು ಹಿಡಿಯಬೇಡಿ.

1. ಮೀನಿಗೆ ಕಿವಿ ಇದೆಯೇ? ಎಲ್ಲೂ ಕಾಣುವುದಿಲ್ಲವಲ್ಲ?

ಇದೆ. ಹೊರಗಿವಿ ಇಲ್ಲ, ಒಳಗಿವಿ ಇದೆ. ಮಿದುಳಿನ ಹಿಂಭಾಗದ ಎರಡೂ ಬದಿಗೆ, ತಲೆಬುರುಡೆಯೊಳಗೆ ಅಡಗಿ ಕುಳಿತಿರುತ್ತದೆ. ಮೀನಿನ ಮೈಯ ಸಾಂದ್ರತೆ ನೀರಿನ ಸಾಂದ್ರತೆಗೆ ತೀರ ಹತ್ತಿರ. ಹಾಗಾಗಿ ನೀರಿನಲ್ಲಿ ಬಂದ ಸದ್ದು ಮೀನಿನ ಮೈಗೆ ತಾಗಿ ನಿಲ್ಲದೆ ಅದರೊಳಗಿನಿಂದಲೇ ಹಾದುಹೋಗುತ್ತದೆ, ಇಡೀ ಮೈ ನೀರಿನ ಜೊತೆಗೇ ಕಂಪಿಸುತ್ತದೆ. ಜೊತೆಗೆ ಕಂಪಿಸದ ಒಂದು ಭಾರದ ವಸ್ತು ಒಳಗೆ ಇದ್ದರೆ ಮಾತ್ರ ಸದ್ದು "ಗೊತ್ತಾಗುವುದು". ಆ ಭಾರದ ವಸ್ತುವೇ ಕಿವಿಗಲ್ಲು. ಮೈಗಿಂತ ಸುಮಾರು ಮೂರು ಪಟ್ಟು ಸಾಂದ್ರವಾದ ಈ ಕಲ್ಲು ಒಂದು ಕ್ಷಣ ಹಿಂದೆ ಬೀಳುತ್ತದೆ. ಅದರ ಕೆಳಗೆ ಹಾಸಿದಂತಿರುವ ಕೂದಲಿನಂಥ ಜೀವಕೋಶಗಳು ಆಗ ಬಾಗುತ್ತವೆ, ನರಕ್ಕೆ ಸುದ್ದಿ ಮುಟ್ಟುತ್ತದೆ. ಕಿಕ್ಕಿರಿದ ಬಸ್ ತಟ್ಟನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವುದೂ ಇದೇ ಲೆಕ್ಕ.

ಯಾವುದು ಮೇಲೆ, ಯಾವುದು ಕೆಳಗೆ ಎಂದು ಮೀನಿಗೆ ತಿಳಿಯುವುದಕ್ಕೂ ಇದೇ ಕಲ್ಲು ಬೇಕು. ನಮ್ಮ ಒಳಗಿವಿಯಲ್ಲಿಯೂ ಇಂಥ ಸುಣ್ಣದ ಹರಳುಗಳಿವೆ. ಆದರೆ ಅವು ಒಂದೇ ಕಲ್ಲಾಗಿ ಬೆಳೆಯದೆ ಪುಡಿಯಂತೆ ಉಳಿದಿವೆ. ಆ ಪುಡಿ ತನ್ನ ಜಾಗ ಬಿಟ್ಟು ಕದಲಿದಾಗ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ಮನೆ ಗಿರ್ರೆಂದು ತಿರುಗುವ ಒಂದು ಬಗೆಯ ತಲೆಸುತ್ತು ಬರುತ್ತದೆ.

2. ಇದು ಮೂಳೆಯೋ ಕಲ್ಲೋ?

ಕಲ್ಲು. "ಕಿವಿಮೂಳೆ" ಎಂಬ ಮಾತು ರೂಢಿಯಲ್ಲಿದೆ, ಆದರೆ ಮೂಳೆಯಲ್ಲಿ ಜೀವಕೋಶಗಳಿರುತ್ತವೆ, ರಕ್ತ ಓಡಾಡುತ್ತದೆ, ಮುರಿದರೆ ಕೂಡಿಕೊಳ್ಳುತ್ತದೆ. ಕಿವಿಗಲ್ಲಿನಲ್ಲಿ ಇದಾವುದೂ ಇಲ್ಲ. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದಕಲ್ಲಿನದೇ ವಸ್ತು. ಬಹುಪಾಲು ಅರಗೊನೈಟ್ ಎಂಬ ಹರಳಿನ ರೂಪದಲ್ಲಿರುತ್ತದೆ, ನಡುನಡುವೆ ತುಸು ಪ್ರೋಟೀನು. ಮೀನು ಹಸಿದಾಗ ಹುರುಪೆಯಿಂದಲೂ ಮೂಳೆಯಿಂದಲೂ ಕ್ಯಾಲ್ಸಿಯಂ ಹಿಂದಕ್ಕೆ ಪಡೆಯಬಲ್ಲದು. ಕಿವಿಗಲ್ಲಿನಿಂದ ಹಾಗೆ ಪಡೆಯುವುದಿಲ್ಲ. ಒಮ್ಮೆ ಕೂತ ಪದರ ಕೂತಂತೆಯೇ ಉಳಿಯುತ್ತದೆ. ಮೀನಿನ ವಯಸ್ಸು ಹೇಳಲು ವಿಜ್ಞಾನಿಗಳು ಬೇರೆಲ್ಲವನ್ನು ಬಿಟ್ಟು ಇದನ್ನು ನಂಬುವುದು ಅದಕ್ಕೇ.

3. ಒಂದು ಮೀನಿನಲ್ಲಿ ಎಷ್ಟು ಕಲ್ಲುಗಳಿರುತ್ತವೆ?

ಮೂಳೆಮೀನಾದರೆ ಆರು. ಎಡಕ್ಕೆ ಮೂರು, ಬಲಕ್ಕೆ ಮೂರು. ಒಳಗಿವಿಯ ಮೂರು ಚೀಲಗಳಲ್ಲಿ ಒಂದೊಂದು. ಹೆಸರುಗಳು ಲ್ಯಾಟಿನ್ನಿನವು, ಆದರೆ ಅರ್ಥ ಸರಳ: ಸಜಿಟ್ಟಾ ಎಂದರೆ ಬಾಣ, ಲ್ಯಾಪಿಲಸ್ ಎಂದರೆ ಪುಟ್ಟ ಕಲ್ಲು, ಆಸ್ಟರಿಸ್ಕಸ್ ಎಂದರೆ ಪುಟ್ಟ ನಕ್ಷತ್ರ. ಇಲ್ಲಿ ನಾನು ಬಾಣಗಲ್ಲು, ಗುಂಡುಗಲ್ಲು, ಚುಕ್ಕೆಗಲ್ಲು ಎಂದು ಬರೆಯುತ್ತೇನೆ. ವರದಿಯಲ್ಲಿ ಮಾತ್ರ ಲ್ಯಾಟಿನ್ ಹೆಸರುಗಳನ್ನೇ ಬರೆಯಿರಿ, ನನ್ನ ಹೆಸರುಗಳಿಗೆ ಪರೀಕ್ಷಕರು ಅಂಕ ಕೊಡುವುದಿಲ್ಲ.

ಶಾರ್ಕ್, ತೊರಕೆಯಂಥ ಮೆಲ್ಲೆಲುಬಿನ ಮೀನುಗಳಲ್ಲಿ ಇಂಥ ಗಟ್ಟಿ ಕಲ್ಲು ಇರುವುದಿಲ್ಲ, ನಮ್ಮಂತೆ ಪುಡಿಹರಳು ಇರುತ್ತದೆ.

4. ಪುಸ್ತಕದ ಚಿತ್ರದಲ್ಲಿ ಎಲೆಯಂಥ ದೊಡ್ಡ ಕಲ್ಲಿದೆ. ರೋಹು ತಲೆಯನ್ನೆಲ್ಲ ಕೆದಕಿದರೂ ಅದು ಸಿಗಲಿಲ್ಲ. ಯಾಕೆ?

ಪ್ರತಿ ವರ್ಷ ಕನಿಷ್ಠ ನಾಲ್ಕು ಜನ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಮುಖ ಸಪ್ಪಗೆ ಮಾಡಿಕೊಂಡು ಕೇಳುತ್ತಾರೆ. ತಪ್ಪು ಅವರದಲ್ಲ. ಪುಸ್ತಕದ ಚಿತ್ರ ಕಡಲಮೀನಿನದು.

ಕಡಲಿನ ಬಹುತೇಕ ಮೀನುಗಳಲ್ಲಿ ಬಾಣಗಲ್ಲೇ ಮೂರರಲ್ಲಿ ಅತಿ ದೊಡ್ಡದು. ಕಿವಿಗಲ್ಲಿನ ಶಾಸ್ತ್ರ ಬೆಳೆದದ್ದೂ ಕಡಲಮೀನುಗಳ ಮೇಲೆಯೇ. ಹಾಗಾಗಿ "ಕಿವಿಗಲ್ಲು" ಎಂದು ಬರೆದಿದ್ದರೆ ಬಾಣಗಲ್ಲು ಎಂದೇ ಓದಿಕೊಳ್ಳುವ ರೂಢಿ ಬಿದ್ದಿದೆ. ನಮ್ಮ ತುಂಗಭದ್ರೆ, ಕೃಷ್ಣೆ, ಕಾಲುವೆ, ಕೆರೆಗಳಲ್ಲಿ ಬಲೆಗೆ ಬೀಳುವ ಮೀನುಗಳಲ್ಲಿ ಹೆಚ್ಚಿನವು ಎರಡು ಬಳಗಕ್ಕೆ ಸೇರಿದವು. ಒಂದು ಗೆಂಡೆಯ ಬಳಗ: ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ. ಇನ್ನೊಂದು ಮೀಸೆಮೀನಿನ ಬಳಗ: ಬಾಳೆಮೀನು, ಚೇಳುಮೀನು ಮುಂತಾದವು. ಈ ಎರಡೂ ಬಳಗಗಳಲ್ಲಿ ಬಾಣಗಲ್ಲು ಸೂಜಿಯಂತೆ ಸಪೂರ, ಮುಟ್ಟಿದರೆ ಮುರಿಯುವಷ್ಟು ನಾಜೂಕು. ಅಳೆಯಲು ಒದಗುವ ಕಲ್ಲುಗಳು ಬೇರೆ. ಮೀಸೆಮೀನಿನಲ್ಲಿ ಗುಂಡುಗಲ್ಲು ದೊಡ್ಡದು, ಗಟ್ಟಿಯಾದ ಬೀಜದಂತೆ ಕೈಗೆ ಸಿಗುತ್ತದೆ. ಗೆಂಡೆಯಲ್ಲಿ ಚುಕ್ಕೆಗಲ್ಲು ಅಗಲವಾಗಿ, ಅಂಚು ಹಲ್ಲುಹಲ್ಲಾಗಿ, ಮಸುಕು ಗಾಜಿನಂತೆ ಇರುತ್ತದೆ; ಗುಂಡುಗಲ್ಲು ಚಿಕ್ಕದಾದರೂ ಗಟ್ಟಿ, ಬಿಳಿ.

ಇದಕ್ಕೆ ಕಾರಣವೂ ಸ್ವಾರಸ್ಯಕರವಾಗಿದೆ. ಗೆಂಡೆ, ಮೀಸೆಮೀನುಗಳಲ್ಲಿ ಗಾಳಿಚೀಲದಿಂದ ಒಳಗಿವಿಯವರೆಗೆ ಪುಟ್ಟ ಮೂಳೆಗಳ ಒಂದು ಸರಪಣಿ ಇದೆ. ಇದನ್ನು 1820ರಲ್ಲಿ ವಿವರಿಸಿದವನು ಜರ್ಮನಿಯ ಅರ್ನ್ಸ್ಟ್ ಹೈನ್ರಿಖ್ ವೆಬರ್, ಹಾಗಾಗಿ ಈ ಏರ್ಪಾಟಿಗೆ ಅವನದೇ ಹೆಸರು. ಗಾಳಿ ತುಂಬಿದ ಚೀಲ ಸದ್ದಿಗೆ ಡೋಲಿನ ಚರ್ಮದಂತೆ ಅದುರುತ್ತದೆ, ಸರಪಣಿ ಆ ಅದುರನ್ನು ನೇರವಾಗಿ ಬಾಣಗಲ್ಲು ಇರುವ ಚೀಲದ ಕಡೆಗೆ ಒಯ್ಯುತ್ತದೆ. ಹೀಗೆ ಬರುವ ಸೂಕ್ಷ್ಮ ಕಂಪನಕ್ಕೆ ಭಾರದ ಕಲ್ಲಿಗಿಂತ ಹಗುರವಾದ ಸೂಜಿಯೇ ಚೆನ್ನಾಗಿ ಓಗೊಡುತ್ತದೆ ಎನ್ನುವುದು ಬಲ್ಲವರ ವಿವರಣೆ. ಕೆರೆಯ ದಂಡೆಯ ಮೇಲೆ ಗಟ್ಟಿಯಾಗಿ ಮಾತನಾಡಬೇಡಿ ಎಂದು ಗಾಳ ಹಾಕುವ ಹಿರಿಯರು ಗದರುತ್ತಿದ್ದುದರಲ್ಲಿ ಅರ್ಥವಿದೆ. ಗೆಂಡೆಗೆ ಬಹಳ ಮೀನುಗಳಿಗಿಂತ ಕಿವಿ ಚುರುಕು.

ಇಷ್ಟೆಲ್ಲ ಹೇಳಿದ್ದು ಏತಕ್ಕೆಂದರೆ, ಕಲ್ಲಿಗೂ ಮೀನಿನ ಗಾತ್ರಕ್ಕೂ ಸಂಬಂಧ ಹುಡುಕುವ ಮೊದಲು ಯಾವ ಕಲ್ಲು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಹತ್ತು ರೋಹುಗಳ ಚುಕ್ಕೆಗಲ್ಲನ್ನೂ ಇನ್ನು ಹತ್ತರ ಗುಂಡುಗಲ್ಲನ್ನೂ ಒಂದೇ ಪಟ್ಟಿಯಲ್ಲಿ ಬರೆದು "ಸಂಬಂಧ ಕಾಣಲಿಲ್ಲ" ಎಂದು ಮುಗಿಸಿದ ವರದಿ ನನ್ನ ಬಳಿ ಇದೆ. ಅಳತೆ ಅಚ್ಚುಕಟ್ಟಾಗಿತ್ತು, ಅಕ್ಷರ ಮುತ್ತಿನಂತಿತ್ತು.

ಇನ್ನೊಂದು ಎಡವಟ್ಟು. ಗೆಂಡೆಗೆ ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿ ಇದೆ. ಆ ಗಂಟಲ ಹಲ್ಲುಗಳ ಎದುರಿಗೆ, ತಲೆಬುರುಡೆಯ ತಳದಲ್ಲಿ ಅರೆಯಲು ಅನುವಾದ ಗಟ್ಟಿ ಬಿಲ್ಲೆಯೊಂದು ಅಂಟಿಕೊಂಡಿರುತ್ತದೆ. ಹೊಳಪಾದ ಈ ಬಿಲ್ಲೆಯನ್ನು ತಂದು "ಸಿಕ್ಕಿತು ಸರ್!" ಎನ್ನುವವರು ಬಹಳ. ಬಿಲ್ಲೆ ಒಂದೇ ಇರುತ್ತದೆ, ಕಿವಿಗಲ್ಲು ಯಾವಾಗಲೂ ಜೋಡಿ. ನಿಮ್ಮ ಕೈಯಲ್ಲಿರುವುದಕ್ಕೆ ಜೊತೆಗಾರ ಇಲ್ಲದಿದ್ದರೆ ಅನುಮಾನಪಡಿ.

5. ಹಾಗಾದರೆ ಮೊದಲು ಯಾವ ಮೀನಿನಿಂದ ಕಲಿಯಬೇಕು? ಹೇಗೆ ತೆಗೆಯುವುದು?

ತಿಲಾಪಿಯಾದಿಂದ, ಅಂದರೆ ನಮ್ಮ ಜಿಲೇಬಿ ಮೀನಿನಿಂದ. ಆಫ್ರಿಕಾ ಮೂಲದ ಈ ಮೀನು ಭಾರತಕ್ಕೆ ಬಂದದ್ದು 1952ರಲ್ಲಿ. ಈಗ ಅದಿಲ್ಲದ ಕೆರೆ ಹುಡುಕುವುದೇ ಕಷ್ಟ. ಅಗ್ಗ, ವರ್ಷವಿಡೀ ಸಿಗುತ್ತದೆ, ಅದರ ಬಾಣಗಲ್ಲು ಪುಸ್ತಕದ ಚಿತ್ರದಂತೆಯೇ ಇರುತ್ತದೆ. ಕೊರಮೀನು ಸಿಕ್ಕರೆ ಅದೂ ಒಳ್ಳೆಯದು, ಆದರೆ ಅದರ ಬೆಲೆ ನೋಡಿದರೆ ಕತ್ತರಿಸುವ ಮನಸ್ಸು ಬರುವುದಿಲ್ಲ.

ಮೊದಲು ಮೀನಿನ ಉದ್ದವನ್ನು ಅಳೆದು ಬರೆದಿಡಿ. ಮೂತಿಯ ತುದಿಯಿಂದ ಬಾಲದ ರೆಕ್ಕೆ ಶುರುವಾಗುವಲ್ಲಿಯವರೆಗೆ ಒಂದು ಅಳತೆ, ಬಾಲದ ತುದಿಯವರೆಗೆ ಇನ್ನೊಂದು. ತಲೆ ಬೇರ್ಪಡಿಸಿದ ಮೇಲೆ ಅಳತೆ ನೆನಪಾದರೆ ಏನೂ ಮಾಡಲಾಗದು. ಆಮೇಲೆ ಕಿವಿರುಗಳನ್ನು ಪೂರ್ತಿ ಕಿತ್ತು ಹಾಕಿ, ತಲೆಯನ್ನು ಮಗುಚಿ ಹಿಡಿಯಿರಿ. ಬೆನ್ನುಮೂಳೆ ತಲೆಗೆ ಕೂಡುವ ಜಾಗದ ಮುಂದೆ, ಬುರುಡೆಯ ತಳದಲ್ಲಿ ಅಕ್ಕಪಕ್ಕ ಎರಡು ಉಬ್ಬುಗಳು ಬೆರಳಿಗೆ ತಾಗುತ್ತವೆ. ಹೆಸರುಕಾಳನ್ನು ತೆಳುವಾದ ಹಪ್ಪಳದ ಕೆಳಗಿಟ್ಟು ಮುಟ್ಟಿದಂತಿರುತ್ತದೆ. ಚಾಕುವಿನ ತುದಿಯಿಂದ ಆ ಉಬ್ಬಿನ ಮೂಳೆಯನ್ನು ಮೆಲ್ಲಗೆ ಸೀಳಿ. ಒತ್ತಿದರೆ ಕಲ್ಲೂ ಪುಡಿಯಾಗುತ್ತದೆ. ಮೂಳೆ ಹಳದಿ ಮಿಶ್ರಿತ ಬಿಳುಪು, ಒಳಗಿನ ಕಲ್ಲು ಹಾಲಿನ ಬಿಳುಪು, ನೋಡಿದ ಕೂಡಲೇ ತಿಳಿಯುತ್ತದೆ. ಚಿಮುಟದಿಂದ ಎತ್ತಿ, ಅಂಗೈಯ ಮೇಲೆ ಒಂದು ಹನಿ ನೀರು ಬಿಟ್ಟು, ಅದಕ್ಕೆ ಅಂಟಿದ ಪೊರೆಯನ್ನು ಬೆರಳಿನಿಂದ ಉಜ್ಜಿ ತೆಗೆಯಿರಿ.

ಈಗ ಬೆಳಕಿಗೆ ಹಿಡಿದು ನೋಡಿ. ಒಂದು ಮುಖ ತುಸು ಉಬ್ಬಿದೆ, ಇನ್ನೊಂದರಲ್ಲಿ ಉದ್ದಕ್ಕೂ ಒಂದು ಕಾಲುವೆ ಕೊರೆದಂತಿದೆ. ಕೂದಲು ಕೋಶಗಳ ಹಾಸು ಕೂರುತ್ತಿದ್ದುದು ಆ ಕಾಲುವೆಯಲ್ಲಿ. ಒಂದು ತುದಿ ಕೊಕ್ಕಿನಂತೆ ಚಾಚಿದೆ, ಅದರ ಮೇಲೆ ಚಿಕ್ಕ ಕೊಕ್ಕು ಇನ್ನೊಂದು, ನಡುವೆ ಕಚ್ಚು. ದೊಡ್ಡ ಕೊಕ್ಕು ಮೀನಿನ ಮುಂದಿಕ್ಕಿಗೆ ಇರುವಂಥದು. ಇಷ್ಟು ಗುರುತಾದರೆ ಎಡಗಲ್ಲು ಯಾವುದು, ಬಲಗಲ್ಲು ಯಾವುದು ಎಂದು ಬೆಂಕಿಪೊಟ್ಟಣ ಉರುಳಿ ಬಿದ್ದರೂ ಹೇಳಬಹುದು.

ಗೆಂಡೆಯಲ್ಲಿ ದಾರಿ ಬೇರೆ. ಚುಕ್ಕೆಗಲ್ಲುಗಳು ಬುರುಡೆಯ ಹಿಂತಳದಲ್ಲಿ ಒಂದಕ್ಕೊಂದು ಹತ್ತಿರ ಇರುತ್ತವೆ, ಗುಂಡುಗಲ್ಲುಗಳು ಮುಂದೆ, ಬದಿಗೆ. ತಲೆಯ ಮೇಲ್ಛಾವಣಿಯನ್ನು ಕೆತ್ತಿ ತೆಗೆದು, ಮಿದುಳನ್ನು ಸರಿಸಿ ಮೇಲಿಂದ ಹುಡುಕುವುದು ಸುಲಭ. ಮೀಸೆಮೀನಿಗೂ ಇದೇ ದಾರಿ.

6. ಜಾತಿಯಿಂದ ಜಾತಿಗೆ ಆಕಾರ ಯಾಕೆ ಇಷ್ಟು ಬೇರೆ?

ವಂಶ ಮತ್ತು ಬದುಕು, ಎರಡೂ ಸೇರಿ ಕಲ್ಲನ್ನು ಕಡೆದಿವೆ. ವಂಶದ ಮಾತನ್ನು ಮೇಲೆ ಹೇಳಿದೆ. ಬದುಕಿನ ಮಾತೆಂದರೆ, ತೆರೆದ ನೀರಿನಲ್ಲಿ ಬಿರುಸಾಗಿ ಈಜುವ ಟ್ಯೂನಾದಂಥ ಮೀನುಗಳಿಗೆ ಮೈಗೆ ಹೋಲಿಸಿದರೆ ಕಲ್ಲು ತೀರ ಚಿಕ್ಕದು. ತಳದ ಹತ್ತಿರ ಇದ್ದು, ಗಾಳಿಚೀಲದಿಂದ ಗೊರಗೊರ ಸದ್ದು ಮಾಡಿ ಮಾತಾಡಿಕೊಳ್ಳುವ ಕ್ರೋಕರ್ ಬಳಗದ ಕಡಲಮೀನುಗಳಲ್ಲಿ ಕಲ್ಲು ದಪ್ಪ, ದೊಡ್ಡದು. ಆ ಬಳಗದ ಒಂದು ಕುಲಕ್ಕೆ ಓಟೊಲಿಥೆಸ್ ಎಂದೇ ಹೆಸರು, ಕಿವಿಗಲ್ಲಿನವನು ಎಂದಂತೆ. ಕರಾವಳಿಯಿಂದ ಐಸ್ ಪೆಟ್ಟಿಗೆಯಲ್ಲಿ ಬಳ್ಳಾರಿಗೆ ಬರುವ ಮೀನಿನಲ್ಲಿ ಕ್ರೋಕರ್ ಸಿಕ್ಕರೆ ಬಿಡಬೇಡಿ. ಅದೇ ಪೆಟ್ಟಿಗೆಯ ಬಂಗುಡೆಯ ಕಲ್ಲನ್ನು ಅದರ ಪಕ್ಕದಲ್ಲಿಟ್ಟರೆ ನನ್ನ ಈ ಉತ್ತರ ಬೇಕಾಗುವುದಿಲ್ಲ.

7. ಒಂದೇ ಜಾತಿಯ ಎರಡು ಮೀನುಗಳ ಕಲ್ಲು ಒಂದೇ ಥರ ಇರುತ್ತವೆಯೇ?

ಮೇಲುನೋಟಕ್ಕೆ ಹೌದು. ಅಳೆದು ನೋಡಿದರೆ ಇಲ್ಲ. ಮರಿಯ ಕಲ್ಲು ದುಂಡಗಿರುತ್ತದೆ, ಅಂಚು ನಯ. ವಯಸ್ಸಾದಂತೆ ಉದ್ದವಾಗುತ್ತದೆ, ಕೊಕ್ಕು ಚಾಚುತ್ತದೆ, ಅಂಚು ಒರಟಾಗುತ್ತದೆ. ನೀರಿನ ಬಿಸಿ, ಆಹಾರ, ಆಳ ಇವೂ ಗುರುತು ಬಿಡುತ್ತವೆ. ಹಾಗಾಗಿ ಒಂದೇ ಜಾತಿಯ ಮೀನು ಬೇರೆ ಬೇರೆ ನೀರಿನಲ್ಲಿ ಬೆಳೆದರೆ ಕಲ್ಲಿನ ಹೊರಗೆರೆಯಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳು ಕಾಣುತ್ತವೆ. ಹೊರಗೆರೆಯನ್ನು ಕಂಪ್ಯೂಟರಿನಲ್ಲಿ ಅಲೆಗಳ ಮೊತ್ತವಾಗಿ ಒಡೆದು ಹೋಲಿಸುವ ಫೋರಿಯರ್ ವಿಧಾನದಿಂದ ಮೀನುಗಳ ಹಿಂಡುಗಳನ್ನು ಬೇರ್ಪಡಿಸುವುದು ಈಗ ಸಾಮಾನ್ಯ ಕೆಲಸ. ತುಂಗಭದ್ರಾ ಜಲಾಶಯದ ತಿಲಾಪಿಯಾಕ್ಕೂ ಹಳ್ಳಿಯ ಕೆರೆಯ ತಿಲಾಪಿಯಾಕ್ಕೂ ಕಲ್ಲಿನಲ್ಲಿ ವ್ಯತ್ಯಾಸ ಇದೆಯೇ ಎಂದು ಯಾರಾದರೂ ಕುಳಿತು ನೋಡಿದರೆ ಒಳ್ಳೆಯ ವರದಿಯಾಗುತ್ತದೆ. ಒಂದೇ ಗಾತ್ರದ ಮೀನುಗಳನ್ನೇ ಹೋಲಿಸಬೇಕು. ಇಲ್ಲವಾದರೆ ಊರಿನ ವ್ಯತ್ಯಾಸ ಎಂದುಕೊಂಡದ್ದು ವಯಸ್ಸಿನ ವ್ಯತ್ಯಾಸವಾಗಿರುತ್ತದೆ.

ಕೆಲವೊಮ್ಮೆ ಒಂದೇ ಮೀನಿನ ಎರಡು ಬಾಣಗಲ್ಲುಗಳಲ್ಲಿ ಒಂದು ಹಾಲುಬಿಳುಪು, ಇನ್ನೊಂದು ಸಕ್ಕರೆಹರಳಿನಂತೆ ಪಾರದರ್ಶಕ. ಎರಡನೆಯದು ಅರಗೊನೈಟ್ ಬದಲು ವೇಟರೈಟ್ ಎಂಬ ಹರಳಾಗಿ ಬೆಳೆದಿದೆ. ಅದನ್ನು ಅಳತೆಗೆ ಸೇರಿಸಬೇಡಿ. ಗೆಂಡೆಯ ಚುಕ್ಕೆಗಲ್ಲು ಮಾತ್ರ ಸಹಜವಾಗಿಯೇ ವೇಟರೈಟ್, ಅದು ರೋಗವಲ್ಲ.

8. ಕಲ್ಲು ನೋಡಿ ಮೀನಿನ ಉದ್ದ ಹೇಳುವುದು ಹೇಗೆ?

ಮೊದಲು ಉದ್ದ ಗೊತ್ತಿರುವ ಮೀನುಗಳಿಂದ ಒಂದು ಲೆಕ್ಕ ಕಟ್ಟಬೇಕು. ಒಂದೇ ಜಾತಿಯ ಮೂವತ್ತು ನಲವತ್ತು ಮೀನುಗಳು ಸಾಕು, ಆದರೆ ಬೆರಳುದ್ದದ್ದರಿಂದ ಹಿಡಿದು ಮೊಳದುದ್ದದ್ದರವರೆಗೆ ಎಲ್ಲ ಗಾತ್ರವೂ ಇರಬೇಕು. ಮಾರುಕಟ್ಟೆಯಲ್ಲಿ ಒಂದೇ ಅಳತೆಯ ನೂರು ಮೀನು ಕೊಂಡು ತಂದರೆ ನೂರು ಚುಕ್ಕೆಗಳು ಒಂದೇ ಕಡೆ ಗುಂಪುಗೂಡುತ್ತವೆ, ಗೆರೆ ಯಾವ ಕಡೆಗೆ ಎಳೆಯುತ್ತೀರಿ?

ಕಲ್ಲಿನ ಉದ್ದ ಅಡ್ಡಕ್ಕೆ, ಮೀನಿನ ಉದ್ದ ನೆಟ್ಟಗೆ ಇಟ್ಟು ಗ್ರಾಫ್ ಬರೆದರೆ ಚುಕ್ಕೆಗಳು ಸಾಮಾನ್ಯವಾಗಿ ಮೇಲಕ್ಕೆ ತುಸು ಬಾಗಿದ ಗೆರೆಯ ಮೇಲೆ ಕೂರುತ್ತವೆ. ಎರಡೂ ಅಳತೆಗಳ ಲಾಗರಿದಂ ತೆಗೆದು ಬರೆದರೆ ಬಾಗು ಹೋಗಿ ಗೆರೆ ನೆಟ್ಟಗಾಗುತ್ತದೆ. ಆ ಗೆರೆಯ ಓರೆಯೇ ಘಾತ. ಘಾತ 1 ಬಂದರೆ ಕಲ್ಲೂ ಮೀನೂ ಒಂದೇ ದಾಮಾಷಾದಲ್ಲಿ ಬೆಳೆಯುತ್ತವೆ ಎಂದರ್ಥ. 1ಕ್ಕಿಂತ ಹೆಚ್ಚಾದರೆ ಮೀನು ಮುಂದೆ ಓಡುತ್ತಿದೆ, ಕಲ್ಲು ಹಿಂದೆ ಬೀಳುತ್ತಿದೆ.

ಲೆಕ್ಕಕ್ಕಾಗಿ ಘಾತ 1.2 ಎಂದು ಇಟ್ಟುಕೊಳ್ಳಿ, ಇದು ಯಾವ ಮೀನಿನದೂ ಅಲ್ಲ, ಉದಾಹರಣೆ ಮಾತ್ರ. ಕಲ್ಲು ಎರಡು ಪಟ್ಟಾದರೆ ಮೀನು 2ರ 1.2ನೇ ಘಾತದಷ್ಟು, ಅಂದರೆ ಸುಮಾರು 2.3 ಪಟ್ಟು ಉದ್ದವಾಗುತ್ತದೆ. ಮೀನಿನ ತೂಕವು ಉದ್ದದ ಘನಕ್ಕೆ ಹತ್ತಿರವಾಗಿ ಏರುತ್ತದೆ, ಹಾಗಾಗಿ ತೂಕ ಸುಮಾರು 12 ಪಟ್ಟು. ಇದರಲ್ಲೊಂದು ಗುಂಡಿ ಇದೆ. ಕಲ್ಲಿನ ಉದ್ದವನ್ನು ನೂರಕ್ಕೆ ಹತ್ತು ಹೆಚ್ಚು ಅಳೆದರೆ ತೂಕ ನೂರಕ್ಕೆ ನಲವತ್ತರಷ್ಟು ಹೆಚ್ಚಾಗಿ ಬಂದುಬಿಡುತ್ತದೆ. ಕೊಕ್ಕಿನ ತುದಿ ಮುರಿದ ಕಲ್ಲನ್ನು ಅಳೆದರೆ ಅಷ್ಟೇ ಸಲೀಸಾಗಿ ತೂಕ ಕಡಿಮೆಯಾಗುತ್ತದೆ. ಕೊಕ್ಕು ಮುರಿದಿದ್ದರೆ ಉದ್ದ ಬಿಟ್ಟು ಅಗಲ ಅಳೆಯಿರಿ, ಅದಕ್ಕೆ ಬೇರೆಯದೇ ಲೆಕ್ಕ ಕಟ್ಟಿ.

ಇನ್ನೊಂದು ಮಾತು. ನಿಮ್ಮ ಅತಿ ದೊಡ್ಡ ಮೀನು 35 ಸೆಂ.ಮೀ. ಇದ್ದರೆ, ಆ ಗೆರೆಯನ್ನು 80 ಸೆಂ.ಮೀ.ವರೆಗೆ ಎಳೆದು ಭವಿಷ್ಯ ಹೇಳಬೇಡಿ.

9. ದೊಡ್ಡ ಕಲ್ಲು ಎಂದರೆ ದೊಡ್ಡ ಮೀನು ಎಂದೇ ಅರ್ಥವೇ?

ಬಹುಮಟ್ಟಿಗೆ ಹೌದು, ಆದರೆ ಕಲ್ಲು ಮೀನಿನ ಗಾತ್ರವನ್ನು ಮಾತ್ರ ಬರೆದಿಡುವುದಿಲ್ಲ, ಕಾಲವನ್ನೂ ಬರೆದಿಡುತ್ತದೆ. ಮೀನು ಬೆಳೆಯುವುದನ್ನು ನಿಲ್ಲಿಸಿದರೂ ಕಲ್ಲಿಗೆ ಪದರ ಸೇರುತ್ತಲೇ ಇರುತ್ತದೆ. ಹಾಗಾಗಿ ಒಂದೇ ಉದ್ದದ ಎರಡು ಮೀನುಗಳಲ್ಲಿ ನಿಧಾನವಾಗಿ ಬೆಳೆದ ಮೀನಿನ ಕಲ್ಲೇ ದೊಡ್ಡದು. ಡೇವಿಡ್ ರೆಜ್ನಿಕ್ ಮತ್ತು ಸಂಗಡಿಗರು ಇದನ್ನು ಗಪ್ಪಿ ಮೀನುಗಳ ಮೇಲೆ ಪ್ರಯೋಗ ಮಾಡಿ 1989ರಲ್ಲಿ ತೋರಿಸಿದರು.

ಇದನ್ನು ಕಣ್ಣಾರೆ ಕಾಣಲು ನಮ್ಮ ಕೆರೆಗಳೇ ಸಾಕು. ತಿಲಾಪಿಯಾ ಮಿತಿಮೀರಿ ತುಂಬಿದ ಸಣ್ಣ ಕೆರೆಯಲ್ಲಿ ಅಂಗೈಯುದ್ದದ ಮೀನುಗಳೇ ಮೊಟ್ಟೆಯಿಟ್ಟು ಮುದಿಯಾಗುತ್ತವೆ, ಮೇವು ಸಾಲದೆ ಬೆಳೆಯುವುದೇ ಇಲ್ಲ. ಇಂಥ ಮೀನಿನ ಕಲ್ಲನ್ನು, ಚೆನ್ನಾಗಿ ಮೇವು ಹಾಕಿ ಸಾಕಿದ ಹೊಂಡದ ಅಷ್ಟೇ ಉದ್ದದ ಮೀನಿನ ಕಲ್ಲಿನ ಪಕ್ಕದಲ್ಲಿಡಿ. ಕೆರೆಯದು ದಪ್ಪ, ಭಾರ. ಮನೆಯಲ್ಲಿ ಎತ್ತರ ಕಡಿಮೆಯಿರುವ ದೊಡ್ಡಪ್ಪ ಅಷ್ಟೇ ಎತ್ತರದ ಮೊಮ್ಮಗನ ಪಕ್ಕ ನಿಂತಂತೆ. ಹಾಗಾಗಿ ಹೊಂಡದ ಮೀನಿನಿಂದ ಕಟ್ಟಿದ ಲೆಕ್ಕವನ್ನು ನದಿಯ ಮೀನಿಗೆ ಹಚ್ಚುವ ಮೊದಲು ಎರಡು ಸಲ ಯೋಚಿಸಿ. ವಯಸ್ಸಿನ ಅಂದಾಜು ಬೇಕಿದ್ದರೆ ಉದ್ದಕ್ಕಿಂತ ಕಲ್ಲಿನ ತೂಕ ಮೇಲು, ಏಕೆಂದರೆ ಮುದಿಮೀನಿನ ಕಲ್ಲು ಉದ್ದಕ್ಕಿಂತ ದಪ್ಪಕ್ಕೇ ಹೆಚ್ಚು ಬೆಳೆಯುತ್ತದೆ.

10. ಮರದ ಉಂಗುರದಂತೆ ಎಣಿಸಿ ವಯಸ್ಸು ಹೇಳಬಹುದೇ?

ಹೇಳಬಹುದು. 1899ರಲ್ಲಿ ಜರ್ಮನಿಯ ರೈಬಿಷ್ ಒಂದು ಬಗೆಯ ಚಪ್ಪಟೆ ಮೀನಿನ ಕಲ್ಲಿನಲ್ಲಿ ವರ್ಷದ ಉಂಗುರಗಳನ್ನು ಎಣಿಸಿದ. 1971ರಲ್ಲಿ ಜಾರ್ಜಿಯೊ ಪನೆಲ್ಲಾ ಇನ್ನೂ ಸೂಕ್ಷ್ಮವಾಗಿ ನೋಡಿ ದಿನಕ್ಕೊಂದು ಉಂಗುರ ಇರುವುದನ್ನು ಕಂಡ. ಮರಿಮೀನು ಮೊಟ್ಟೆಯೊಡೆದು ಎಷ್ಟು ದಿನವಾಯಿತು ಎಂದು ಹೇಳಲು ಈಗ ಅದನ್ನೇ ಎಣಿಸುತ್ತಾರೆ. ಗೆಂಡೆಮರಿಯಾದರೆ ಅದಕ್ಕೆ ಗುಂಡುಗಲ್ಲೇ ಬೇಕು. ಚುಕ್ಕೆಗಲ್ಲು ಮೊಟ್ಟೆಯೊಡೆದ ಎಷ್ಟೋ ದಿನಗಳ ಮೇಲೆ ಹುಟ್ಟುವುದರಿಂದ ಮೊದಲ ದಿನಗಳ ಲೆಕ್ಕ ಅದರಲ್ಲಿ ಇರುವುದಿಲ್ಲ.

ವರ್ಷದ ಉಂಗುರದ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ತೊಡಕಿದೆ. ಚಳಿ ದೇಶದಲ್ಲಿ ಬೇಸಿಗೆಯ ಅಗಲ ಪಟ್ಟಿ, ಚಳಿಗಾಲದ ಸಪೂರ ಪಟ್ಟಿ ಎಂದು ಸ್ಪಷ್ಟವಾಗಿ ಬೇರ್ಪಡುತ್ತವೆ. ರಾಯಚೂರಿನಲ್ಲಿ ಚಳಿಗಾಲ ಎನ್ನುವುದು ಬೆಳಗಿನ ಜಾವಕ್ಕೆ ಮಾತ್ರ ಬರುವ ನೆಂಟ. ಇಲ್ಲಿ ಬೆಳವಣಿಗೆ ತಗ್ಗುವುದಕ್ಕೆ ಮೊಟ್ಟೆಯಿಡುವ ಕಾಲ, ಮೇವಿನ ಕೊರತೆ, ಬೇಸಿಗೆಯಲ್ಲಿ ಇಳಿದ ನೀರು ಹೀಗೆ ಹಲವು ಕಾರಣಗಳಿರಬಹುದು. ಉಂಗುರಗಳು ಮಸುಕು, ಕೆಲವು ಸುಳ್ಳು ಉಂಗುರಗಳು ಬೇರೆ. ಆದ್ದರಿಂದ ಎಣಿಸುವ ಮೊದಲು ವರ್ಷಕ್ಕೆ ಒಂದೇ ಉಂಗುರ ಮೂಡುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಹನ್ನೆರಡು ತಿಂಗಳೂ ಮೀನು ತಂದು, ಕಲ್ಲಿನ ಅಂಚಿನಲ್ಲಿ ಆ ತಿಂಗಳು ಯಾವ ಪಟ್ಟಿ ಇದೆ ಎಂದು ನೋಡುತ್ತ ಹೋದರೆ ತಿಳಿಯುತ್ತದೆ. ಬೇಸರದ ಕೆಲಸ, ಆದರೆ ಬೇರೆ ದಾರಿ ಅಗ್ಗದಲ್ಲಿಲ್ಲ.

ಪೂರ್ತಿ ಕಲ್ಲಿನಲ್ಲಿ ಉಂಗುರ ಕಾಣದಿದ್ದರೆ ಗಾಜಿನ ಪಟ್ಟಿಯ ಮೇಲೆ ಬಣ್ಣವಿಲ್ಲದ ಉಗುರುಬಣ್ಣದಿಂದ ಅಂಟಿಸಿ, ಅತಿ ನಯವಾದ ಉಜ್ಜುಕಾಗದದಲ್ಲಿ ನೀರು ಹಾಕಿ ಉಜ್ಜಿ. ನಾಲ್ಕು ಸಲ ಉಜ್ಜಿ ಒಂದು ಸಲ ಸೂಕ್ಷ್ಮದರ್ಶಕದಲ್ಲಿ ನೋಡಿ. ನಾಲ್ಕು ಎಂದದ್ದು ಆರಾದರೆ ನಡುಬಿಂದುವೇ ಸವೆದುಹೋಗಿರುತ್ತದೆ.

11. ಹುರುಪೆಯಲ್ಲೂ ಉಂಗುರ ಇದೆಯಲ್ಲ, ಅದನ್ನೇ ಎಣಿಸಿದರಾಗದೇ? ಮೀನನ್ನು ಕೊಲ್ಲಬೇಕಾಗಿಲ್ಲ.

ಎಳೆಯ ಮೀನಿಗೆ ಆಗುತ್ತದೆ. ಮುದಿಮೀನಿನ ಹುರುಪೆಯ ಅಂಚಿನಲ್ಲಿ ಉಂಗುರಗಳು ಒತ್ತೊತ್ತಾಗಿ ಒಂದಾಗುತ್ತವೆ, ಹುರುಪೆ ಉದುರಿ ಹೊಸದು ಬಂದಿದ್ದರಂತೂ ಲೆಕ್ಕ ಮೊದಲಿನಿಂದ ಶುರು. ಉತ್ತರ ಅಮೆರಿಕದ ಬಿಗ್‌ಮೌತ್ ಬಫಲೊ ಎಂಬ, ಗೆಂಡೆಗೆ ದೂರದ ನೆಂಟನಾದ ಮೀನು ಹೆಚ್ಚು ಕಾಲ ಬಾಳುವಂಥದಲ್ಲ ಎಂದೇ ಬಹುಕಾಲ ನಂಬಿದ್ದರು. 2019ರಲ್ಲಿ ಕಿವಿಗಲ್ಲನ್ನು ತೆಳ್ಳಗೆ ಕೊಯ್ದು ಎಣಿಸಿದಾಗ ಒಂದು ಮೀನಿಗೆ 112 ವರ್ಷವಾಗಿತ್ತು. ಅಣುಬಾಂಬ್ ಪರೀಕ್ಷೆಗಳಿಂದ 1950, 60ರ ದಶಕಗಳಲ್ಲಿ ನೀರಿಗೆ ಸೇರಿದ ವಿಕಿರಣ ಇಂಗಾಲದ ಗುರುತನ್ನು ಕಲ್ಲಿನ ಪದರಗಳಲ್ಲಿ ಹುಡುಕಿ ಆ ಎಣಿಕೆ ಸರಿ ಎಂದು ಖಚಿತಪಡಿಸಿಕೊಂಡರು.

12. ನೀರುನಾಯಿ ಏನು ತಿಂದಿದೆ ಎಂದು ಈ ಕಲ್ಲಿನಿಂದ ಹೇಳಬಹುದೇ?

ತುಂಗಭದ್ರಾ ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ ಮೇಲೆ ಈ ಪ್ರಶ್ನೆ ಹೆಚ್ಚಾಗಿದೆ. ನೀರುನಾಯಿಗಳು ಬಂಡೆಗಳ ಮೇಲೆ ಗೊತ್ತಾದ ಜಾಗದಲ್ಲೇ ಹಿಕ್ಕೆ ಹಾಕುತ್ತವೆ. ಹಿಕ್ಕೆಯ ತುಂಬ ಹುರುಪೆ, ಮುಳ್ಳು. ಅದನ್ನು ತೊಳೆದು ಸೋಸಿದರೆ ಕೆಲವೊಮ್ಮೆ ಕಿವಿಗಲ್ಲುಗಳೂ ಸಿಗುತ್ತವೆ. ಆಕಾರ ನೋಡಿ ಜಾತಿ, ಅಳತೆ ನೋಡಿ ಮೀನಿನ ಗಾತ್ರ ಹೇಳುವುದು ಕಡಲಿನ ಸೀಲ್, ನೀರುಕಾಗೆ ಮುಂತಾದವುಗಳ ವಿಷಯದಲ್ಲಿ ಹಳೆಯ ವಿಧಾನ.

ಆದರೆ ಎರಡು ಕಡೆ ಮೋಸವಾಗುತ್ತದೆ. ಹೊಟ್ಟೆಯ ಆಮ್ಲದಲ್ಲಿ ಕಲ್ಲು ಸವೆಯುತ್ತದೆ, ಅಂಚು ನಯವಾಗುತ್ತದೆ, ಆದ್ದರಿಂದ ಮೀನು ಇದ್ದದ್ದಕ್ಕಿಂತ ಚಿಕ್ಕದೆಂದು ಲೆಕ್ಕ ಬರುತ್ತದೆ. ಗೆಂಡೆಯ ಸೂಜಿಗಲ್ಲು ಹೇಳಹೆಸರಿಲ್ಲದೆ ಕರಗುತ್ತದೆ. ಎರಡನೆಯದಾಗಿ, ದೊಡ್ಡ ಮೀನು ಹಿಡಿದಾಗ ನೀರುನಾಯಿ ತಲೆಯನ್ನು ಬಿಟ್ಟು ಮಿಕ್ಕದ್ದನ್ನು ತಿಂದರೆ ಆ ಮೀನಿನ ಸುಳಿವೇ ಹಿಕ್ಕೆಯಲ್ಲಿ ಇರುವುದಿಲ್ಲ. ಹಾಗಾಗಿ ಕಲ್ಲಿನ ಜೊತೆಗೆ ಗಂಟಲ ಹಲ್ಲು, ಬೆನ್ನುಮಣಿ, ಹುರುಪೆಗಳನ್ನೂ ನೋಡಬೇಕು. ಮೀಸಲಿನಲ್ಲಿ ಏನನ್ನೇ ಎತ್ತಿಕೊಳ್ಳುವ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ.

13. ಸಂಗನಕಲ್ಲು, ತೆಕ್ಕಲಕೋಟೆಯಂಥ ಹಳೆಯ ನೆಲೆಗಳಲ್ಲಿ ಇವು ಉಳಿದಿರಬಹುದೇ?

ಮಣ್ಣಿನ ಗುಣದ ಮೇಲೆ ಹೋಗುತ್ತದೆ. ಹುಳಿಮಣ್ಣಿನಲ್ಲಿ ಕರಗುತ್ತವೆ, ಸುಣ್ಣದ ಅಂಶವಿರುವಲ್ಲಿ ಉಳಿಯುತ್ತವೆ. ಜಗತ್ತಿನ ಹಲವೆಡೆ ಪ್ರಾಚೀನ ತಿಪ್ಪೆಗಳಿಂದ ಕಿವಿಗಲ್ಲು ತೆಗೆದು, ಆ ಕಾಲದವರು ಯಾವ ಋತುವಿನಲ್ಲಿ ಎಷ್ಟು ದೊಡ್ಡ ಮೀನು ಹಿಡಿಯುತ್ತಿದ್ದರು ಎಂದು ಹೇಳಿದ್ದಾರೆ. ನವಶಿಲಾಯುಗದ ನಮ್ಮ ನೆಲೆಗಳಲ್ಲಿ ಹುಡುಕುವವರು ಕಡಲ ತೀರದ ಜರಡಿಯನ್ನು ತರಬಾರದು. ಹೊಳೆಮೀನಿನ ಗುಂಡುಗಲ್ಲು ರಾಗಿಕಾಳಿನಷ್ಟೂ ಇರಬಹುದು, ಜರಡಿಯ ಕಣ್ಣು ಒಂದು ಮಿಲಿಮೀಟರಿಗಿಂತ ದೊಡ್ಡದಾದರೆ ಕಲ್ಲು ಮಣ್ಣಿನ ಜೊತೆಗೇ ಹೋಗುತ್ತದೆ.

14. ತೆಗೆದ ಕಲ್ಲನ್ನು ಹೇಗೆ ಇಡಬೇಕು?

ಒಣಗಿಸಿ. ಅಷ್ಟೇ. ಫಾರ್ಮಲಿನ್‌ನಲ್ಲಿ ಮಾತ್ರ ಹಾಕಬೇಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಇಪ್ಪತ್ತಮೂರು ಬಾಳೆಮೀನಿನ ತಲೆಗಳನ್ನು "ಬೇಸಿಗೆ ರಜೆಯಲ್ಲಿ ನಿಧಾನವಾಗಿ ನೋಡೋಣ" ಎಂದು ಫಾರ್ಮಲಿನ್ ಡಬ್ಬಿಯಲ್ಲಿ ಮುಳುಗಿಸಿಟ್ಟೆ. ಹಳೆಯದಾದ ಫಾರ್ಮಲಿನ್ ಹುಳಿಯಾಗುತ್ತದೆ, ಹುಳಿಗೆ ಸುಣ್ಣ ಕರಗುತ್ತದೆ. ಇದನ್ನು ಮಕ್ಕಳಿಗೆ ಪಾಠ ಮಾಡುವವನೇ ನಾನು. ರಜೆಯಲ್ಲಿ ಬುರುಡೆ ತೆರೆದರೆ ಕಲ್ಲಿದ್ದ ಜಾಗದಲ್ಲಿ ಹಿಟ್ಟಿನಂಥ ಒಂದು ಗುರುತು. ಇಪ್ಪತ್ತಮೂರರಲ್ಲೂ ಅದೇ. ಅವತ್ತಿನಿಂದ ಬೆಂಕಿಪೊಟ್ಟಣ. ಚೀಟಿಯನ್ನು ಪೆನ್ಸಿಲಿನಿಂದ ಬರೆಯಿರಿ, ಶಾಯಿ ಹರಡುತ್ತದೆ.

15. ಸಾಧನಗಳಿಗೆ ಬಹಳ ಖರ್ಚಾಗುತ್ತದೆಯೇ?

ಹರಿದ ಕೊಡೆಯ ಕಪ್ಪು ಬಟ್ಟೆಯ ಮೇಲೆ ಕಲ್ಲಿಡಿ, ಪಕ್ಕದಲ್ಲಿ ಮಿಲಿಮೀಟರ್ ಗ್ರಾಫ್ ಕಾಗದದ ಚೂರು, ಮೊಬೈಲಿನಿಂದ ನೆಟ್ಟಗೆ ಮೇಲಿಂದ ಚಿತ್ರ ತೆಗೆಯಿರಿ. ಓರೆಯಾದರೆ ಅಳತೆಯೂ ಓರೆ. ಚಿತ್ರದಲ್ಲಿ ಅಳೆಯುವ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ತೂಕಕ್ಕೆ ಮಾತ್ರ ಒಳ್ಳೆಯ ತಕ್ಕಡಿ ಬೇಕು, ಸಣ್ಣ ಮೀನಿನ ಕಲ್ಲು ಕೆಲವೇ ಮಿಲಿಗ್ರಾಂ ಇರುತ್ತದೆ. ಕಿರಾಣಿ ಅಂಗಡಿಯ ತಕ್ಕಡಿಗೆ ಅದು ಇದ್ದೂ ಇಲ್ಲದಂತೆ.

16. ಇದನ್ನು ಅರೆದು ಕುಡಿದರೆ ಮೂತ್ರಕೋಶದ ಕಲ್ಲು ಕರಗುತ್ತದಂತೆ, ನಿಜವೇ?

ಇಲ್ಲ. ಯುರೋಪಿನಲ್ಲಿಯೂ ಹಿಂದೆ ಹೊಟ್ಟೆಶೂಲೆಗೆಂದು ಇದನ್ನು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ಸಾರಿನಲ್ಲಿ ಗೊತ್ತಿಲ್ಲದೆ ನುಂಗಿದರೆ ತೊಂದರೆಯೂ ಇಲ್ಲ, ಚಿಟಿಕೆ ಸುಣ್ಣ. ಕಲ್ಲಿನ ನೋವಿದ್ದರೆ ವೈದ್ಯರ ಬಳಿ ಹೋಗಿ.

17. ಮಾರುಕಟ್ಟೆಯಲ್ಲಿ ಬರೀ ತಲೆ ಕೊಡುತ್ತಾರೆಯೇ?

ಸುಲಭವಾಗಿ ಕೊಡುವುದಿಲ್ಲ. ಕಲ್ಲಿಗಾಗಿ ತಲೆ ಬೇಕು ಎಂದು ಮೊದಲ ಸಲ ಕೇಳಿದಾಗ ಗಂಗಾವತಿಯ ಮೀನಿನ ಅಕ್ಕ ಈಳಿಗೆ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ತಲೆ ಇಲ್ಲದ ಕಾಟ್ಲಾ ಯಾರು ಕೊಳ್ಳುತ್ತಾರೆ ಸರ್? ಸಾರಿಗೆ ರುಚಿ ಬರುವುದೇ ತಲೆಯಿಂದ." ಸಿಂಧನೂರಿನಲ್ಲಿ ಇನ್ನೂ ಕಷ್ಟ. ಅಲ್ಲಿನ ಪುನರ್ವಸತಿ ಕ್ಯಾಂಪುಗಳ ಬಂಗಾಳಿ ಕುಟುಂಬಗಳಿಗೆ ರೋಹು ತಲೆ ಎಂದರೆ ಹಬ್ಬ, ಅಕ್ಕಿಬೇಳೆಯ ಜೊತೆ ಬೇಯಿಸುತ್ತಾರೆ.

ನಾನು ಕಂಡುಕೊಂಡ ದಾರಿ ಇದು: ಇಡೀ ಮೀನು ಕೊಳ್ಳಿ, ಅಂಗಡಿಯಲ್ಲೇ ಉದ್ದ ಅಳೆದು ಬರೆದುಕೊಳ್ಳಿ, ಮನೆಯಲ್ಲಿ ಸಾರು ಮಾಡಿಸಿ. ಬೆಂದ ತಲೆಯ ಮೂಳೆಗಳು ತಾವಾಗಿ ಬಿಡಿಸಿಕೊಳ್ಳುತ್ತವೆ, ಕಲ್ಲಿಗೆ ಅಂಟಿದ ಪೊರೆಯೂ ಹೋಗಿರುತ್ತದೆ. ಕಲ್ಲಿನ ರಾಸಾಯನಿಕ ಪರೀಕ್ಷೆ ಮಾಡುವವರಿಗೆ ಬೆಂದದ್ದು ಬೇಡ, ಉದ್ದ ಅಗಲ ಅಳೆಯುವವರಿಗೆ ಅಡ್ಡಿಯಿಲ್ಲ. ಸಾರಿಗೆ ಹುಣಸೆಹುಳಿ ಕಡಿಮೆ ಹಾಕಲು ಹೇಳಿ. ಊಟವಾದ ಮೇಲೆ ತಟ್ಟೆಯ ಅಂಚಿನಲ್ಲಿ ಎರಡು ಬಿಳಿ ಚೂರು ಉಳಿದಿದ್ದರೆ ತಟ್ಟೆ ತೊಳೆಯುವವರಿಗೆ ಮೊದಲೇ ಹೇಳಿಡಿ.